ಚೀಟಿಗಳ ಬೇಸಿಗೆ

ಅಮೆರಿಕದ ವರ್ಜೀನಿಯಾದಲ್ಲಿ ನೆಲಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಕೆಲವು ದಿನಗಳ ಹಿಂದೆ ದೂರವಾಣಿ ಮಾಡಿ, ತಮ್ಮ ಮಗ ಬೇಸಿಗೆಯ ರಜೆಯಲ್ಲಿ ರಾಜಧಾನಿ ವಾಷಿಂಗ್ಟನ್ನಿನಲ್ಲಿ ‘ಇಂಟರ್ನ್‌ಷಿಪ್’ ಮಾಡಲಿರುವನೆಂದೂ ಅದು ದೊರೆತದ್ದು ಅವನು ಕಾಲೇಜಿನಲ್ಲಿ ಸೇರಿರುವ ‘ಫ್ರಟರ್ನಿಟಿ’ಯ ಹಿರಿಯರ ಮೂಲಕವೆಂದೂ ಸಂತೋಷದಿಂದ ತಿಳಿಸಿದರು. ಕೊನೆಯಲ್ಲಿ, “ಸಾರ್, ಫ್ರಟರ್ನಿಟಿಗೆ ಕನ್ನಡದಲ್ಲಿ ಏನೆನ್ನಬೇಕು? ಊರಿನಲ್ಲಿರುವ ಅಮ್ಮನಿಗೆ ವಿವರಿಸಲು ಹೋಗಿ ಸೋತುಹೋದೆ” ಎಂದರು.

ಪದದ ಮೂಲವೇನೋ ಸುಲಭ. ಲ್ಯಾಟಿನ್ನಿನ ‘ಫ್ರಾಟರ್’ ಮತ್ತು ಸಂಸ್ಕೃತದ ‘ಭ್ರಾತೃ’ ಒಂದೇ ಬೇರಿನವು. ನಮ್ಮ ಸಂವಿಧಾನದ ಪೀಠಿಕೆಯಲ್ಲಿ ಸ್ವಾತಂತ್ರ್ಯ ಸಮಾನತೆಗಳ ಜೊತೆಗೆ ಭ್ರಾತೃತ್ವವೂ ಇರಬೇಕೆಂದು ಅದನ್ನು ಸೇರಿಸಿದ್ದು ಡಾ. ಅಂಬೇಡ್ಕರರ ಅಧ್ಯಕ್ಷತೆಯ ಕರಡು ಸಮಿತಿ. ಆದರೆ ಅಮೆರಿಕದ ಕಾಲೇಜುಗಳ ಫ್ರಟರ್ನಿಟಿ ಬೇರೆಯೇ ವಸ್ತು. ಗ್ರೀಕ್ ಅಕ್ಷರಗಳ ಹೆಸರಿಟ್ಟುಕೊಂಡ ಇಂಥ ಸಂಘಗಳಲ್ಲಿ ಮೊದಲನೆಯದಾದ ಫೈ ಬೀಟಾ ಕ್ಯಾಪಾ ಹುಟ್ಟಿದ್ದು ೧೭೭೬ರಲ್ಲಿ, ಅದೇ ವರ್ಜೀನಿಯಾದ ವಿಲಿಯಂ ಅಂಡ್ ಮೇರಿ ಕಾಲೇಜಿನಲ್ಲಿ. ಅದು ಮುಂದೆ ವಿದ್ವತ್ತಿನ ಗೌರವಸಂಸ್ಥೆಯಾಯಿತು; ಅದರ ಮಾದರಿಯಲ್ಲಿ ಬೆಳೆದ ಉಳಿದವು ಒಟ್ಟಿಗೆ ಉಣ್ಣುವ, ಒಂದೇ ಮನೆಯಲ್ಲಿ ವಾಸಿಸುವ, ದೊಡ್ಡವರಾದ ಮೇಲೂ ಒಬ್ಬರನ್ನೊಬ್ಬರು ಕೈಹಿಡಿದು ಮೇಲೆತ್ತುವ ಕೂಟಗಳಾದವು. “ನಿಮ್ಮ ತಾಯಿಯವರಿಗೆ ‘ಹಾಸ್ಟೆಲ್ ಹುಡುಗರ ಬಳಗ’ ಎಂದು ಹೇಳಿ, ತಟ್ಟನೆ ಅರ್ಥವಾಗುತ್ತದೆ” ಎಂದೆ. ಅವರು ನಕ್ಕು, “ನಿಮ್ಮ ಕಾಲದಲ್ಲಿ ಇಂಥದ್ದೆಲ್ಲ ಇರಲಿಲ್ಲ ಬಿಡಿ ಸಾರ್” ಎಂದರು.

ಇತ್ತು. ನಾನೇ ಮಾಡಿದ್ದೇನೆ. ಹೆಸರು ಮಾತ್ರ ಇರಲಿಲ್ಲ.

೧೯೬೬ರ ಮಾತು. ನಾನು ಶಿವಮೊಗ್ಗದಲ್ಲಿ ಬಿ.ಎ. ಎರಡನೆಯ ವರ್ಷ ಮುಗಿಸಿದ್ದೆ. ಒಂದು ಜನಾಂಗದ ಸಂಘ ನಡೆಸುತ್ತಿದ್ದ ವಿದ್ಯಾರ್ಥಿನಿಲಯದಲ್ಲಿ ನನ್ನ ವಾಸ. ಇಂದಿನ ಮಕ್ಕಳಿಗೆ ಇದರ ಹಿನ್ನೆಲೆಯನ್ನು ಸ್ವಲ್ಪ ಹೇಳಬೇಕು. ಮೈಸೂರು ಸಂಸ್ಥಾನದಲ್ಲಿ ಇಪ್ಪತ್ತನೆಯ ಶತಮಾನದ ಆರಂಭದಿಂದಲೇ ಒಂದೊಂದು ಜನಾಂಗವೂ ತನ್ನ ಮಕ್ಕಳ ವಿದ್ಯೆಗಾಗಿ ಸಂಘ ಕಟ್ಟಿಕೊಳ್ಳತೊಡಗಿತ್ತು. ಒಕ್ಕಲಿಗರ ಸಂಘ ಆರಂಭವಾದದ್ದು ೧೯೦೬ರಲ್ಲಿ. ಸರ್ಕಾರಿ ಕೆಲಸಗಳು ಒಂದೇ ವರ್ಗದ ಪಾಲಾಗುತ್ತಿವೆ ಎಂಬ ದೂರನ್ನು ವಿಚಾರಿಸಲು ೧೯೧೮ರಲ್ಲಿ ನ್ಯಾಯಮೂರ್ತಿ ಮಿಲ್ಲರ್ ಅವರ ಸಮಿತಿ ನೇಮಕವಾಗಿ ಮರುವರ್ಷ ವರದಿ ಕೊಟ್ಟಿತು. ಕೆಲಸದಲ್ಲಿ ಪಾಲು ಬೇಕಾದರೆ ಓದಿದ ಹುಡುಗರು ಬೇಕು. ಹಳ್ಳಿಯ ಹುಡುಗ ಓದಬೇಕಾದರೆ ಪಟ್ಟಣದಲ್ಲಿ ಅವನಿಗೆ ಅನ್ನ ಮತ್ತು ಚಾಪೆ ಬೇಕು. ವಿದ್ಯಾರ್ಥಿನಿಲಯಗಳ ಹುಟ್ಟು ಹೀಗೆ. ವಾರಾನ್ನದ ಮನೆಗಳಲ್ಲಿ ತಲೆತಗ್ಗಿಸಿ ಉಂಡು ಓದಿದ ಹಿರಿಯ ಪೀಳಿಗೆಗೆ ಈ ನಿಲಯಗಳು ಎಂಥ ವರವಾಗಿದ್ದವೆಂಬುದನ್ನು ಅವರ ಬಾಯಿಂದಲೇ ಕೇಳಬೇಕಿತ್ತು.

ನಮ್ಮ ನಿಲಯದಿಂದ ಹೊರಬಿದ್ದು ಬೆಂಗಳೂರು ಸೇರಿದ್ದ ಹಿರಿಯರದೊಂದು ಬಳಗವಿತ್ತು. ಅವರು ಪ್ರತಿ ಬೇಸಿಗೆಯಲ್ಲಿ ಇಬ್ಬರು ಹುಡುಗರನ್ನು ರಾಜಧಾನಿಗೆ ಕರೆಸಿಕೊಂಡು, ಯಾವುದಾದರೂ ಕಚೇರಿಯಲ್ಲೋ ಮುದ್ರಣಾಲಯದಲ್ಲೋ ಎಂಟು ವಾರ ಕೆಲಸ ಕಲಿಯಲು ಕೂರಿಸುತ್ತಿದ್ದರು. ವಿಶ್ವೇಶ್ವರಪುರದ ನಿಲಯವೊಂದರಲ್ಲಿ ಊಟ, ವಸತಿ. ತಿಂಗಳಿಗೆ ನಲವತ್ತು ರೂಪಾಯಿ ಕೈಖರ್ಚು. ಆ ವರ್ಷ ನನ್ನ ಜೊತೆಯ ಹುಡುಗನಿಗೆ ವಕೀಲರ ಕಚೇರಿ ಬಿತ್ತು. ಕನ್ನಡ ಐಚ್ಛಿಕ ವಿಷಯವಾಗಿದ್ದ ನನ್ನನ್ನು ಚಾಮರಾಜಪೇಟೆಯ ಕನ್ನಡ ಸಾಹಿತ್ಯ ಪರಿಷತ್ತಿನಲ್ಲಿ ನಡೆಯುತ್ತಿದ್ದ ನಿಘಂಟು ಕೆಲಸದ ಕಡೆಗೆ ಕಳಿಸಿದರು. ಹುದ್ದೆಯೇನೂ ಅಲ್ಲ, ಹಾಜರಿ ಪುಸ್ತಕದಲ್ಲಿ ಹೆಸರಿಲ್ಲ. ಬಳಗದ ಒಬ್ಬರಿಗೆ ಅಲ್ಲಿನ ಹಿರಿಯ ವಿದ್ವಾಂಸರೊಬ್ಬರ ಪರಿಚಯವಿತ್ತು, ಅಷ್ಟೆ.

ಇಲ್ಲಿ ಇನ್ನೊಬ್ಬನ ವಿಷಯ ಹೇಳದೆ ಮುಂದಕ್ಕೆ ಹೋಗಲಾರೆ. ನನ್ನ ತರಗತಿಯಲ್ಲಿ ಹಳಗನ್ನಡವನ್ನು ನಿಜವಾಗಿ ಬಲ್ಲವನು ನಾನಲ್ಲ. ಕುಂಬಾರರ ಮನೆಯ ಹುಡುಗನೊಬ್ಬನಿದ್ದ. ಪದಚ್ಛೇದ ಮಾಡಿಕೊಡದ ಪಂಪನ ಪದ್ಯವನ್ನು ಒಂದೇ ಓದಿಗೆ ಬಿಡಿಸುವ ಶಕ್ತಿ ಅವನಿಗಿತ್ತು. ಪರೀಕ್ಷೆಯ ಹಿಂದಿನ ವಾರ ನಾನೂ ಸೇರಿ ನಾಲ್ಕೈದು ಮಂದಿ ಅವನ ಸುತ್ತ ಕೂರುತ್ತಿದ್ದೆವು. ಅವನು ದೇವಸ್ಥಾನದ ಛತ್ರವೊಂದರ ಮೂಲೆಯಲ್ಲಿ ಟ್ರಂಕು ಇಟ್ಟುಕೊಂಡು, ಕೈಯಾರೆ ಅಡುಗೆ ಮಾಡಿಕೊಂಡು ಓದುತ್ತಿದ್ದ. ಅವನ ಜನಾಂಗಕ್ಕೆ ಆ ಊರಿನಲ್ಲಿ ನಿಲಯವಿರಲಿಲ್ಲ; ಬೆಂಗಳೂರಿನಲ್ಲಿ ಅವನನ್ನು ಕರೆಸಿಕೊಳ್ಳುವ ಬಳಗವೂ ಇರಲಿಲ್ಲ. ನಾನು ನಿಲಯದ ಕಾರ್ಯದರ್ಶಿಗಳ ಬಳಿಗೆ ಹೋಗಿ, ಈ ಕೆಲಸಕ್ಕೆ ನನಗಿಂತ ಅವನು ತಕ್ಕವನು, ಅವನನ್ನೂ ಕಳಿಸಬಹುದೇ ಎಂದು ಕೇಳಿದ್ದುಂಟು. ಅವರು ಕೆಟ್ಟವರಲ್ಲ. ಕನ್ನಡಕ ತೆಗೆದು ಒರೆಸಿಕೊಂಡು, “ನೋಡಪ್ಪ, ನಮ್ಮ ಹುಡುಗರಿಗೇ ಸಾಲದು” ಎಂದರು. ಆ ಮಾತಿನಲ್ಲಿ ಸುಳ್ಳಿರಲಿಲ್ಲ. ಎರಡೇ ಸ್ಥಾನ, ನಿಲಯದಲ್ಲಿ ಅರವತ್ತು ಹುಡುಗರು. ಆದರೂ ‘ನಮ್ಮ’ ಎಂಬ ಪದ ಎಲ್ಲಿಂದ ಎಲ್ಲಿಯವರೆಗೆ ಹಬ್ಬುತ್ತದೆ ಎಂಬುದನ್ನು ನಾನು ಮೊದಲು ಗಮನಿಸಿದ್ದು ಆ ದಿನ.

ಗೆಳೆಯ ಆ ಬೇಸಿಗೆ ಶಿವಮೊಗ್ಗದ ಅಡಿಕೆ ಮಂಡಿಯೊಂದರಲ್ಲಿ ಮೂಟೆ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದ. ನಾನು ಹೊರಡುವ ರಾತ್ರಿ ಸ್ಟೇಷನ್ನಿಗೆ ಬಂದು, “ಅಲ್ಲಿ ಸಿಕ್ಕಿದ ಒಳ್ಳೆಯ ಪದಗಳನ್ನು ಬರೆದು ಕಳಿಸು” ಎಂದ. ಮೀಟರ್ ಗೇಜಿನ ಉಗಿಬಂಡಿ ಬೀರೂರು, ಅರಸೀಕೆರೆ, ತುಮಕೂರುಗಳನ್ನು ಹಾದು ಬೆಂಗಳೂರು ಮುಟ್ಟುವ ಹೊತ್ತಿಗೆ ನನ್ನ ಬಿಳಿಯ ಅಂಗಿ ಕಲ್ಲಿದ್ದಲ ಪುಡಿಯಿಂದ ಬೂದಿಯಾಗಿತ್ತು.

ಬೆಂಗಳೂರಿನ ವರ್ಣನೆಗೆ ತೊಡಗಿದರೆ ಲೇಖನ ಮುಗಿಯದು. ವಿಧಾನಸೌಧವನ್ನು ಮೊದಲ ಭಾನುವಾರವೇ ನೋಡಿಬಂದೆ. ಕಟ್ಟಿ ಮುಗಿದು ಹತ್ತೇ ವರ್ಷ. ಕಲ್ಲು ಇನ್ನೂ ಹೊಸದಾಗಿ ಕಾಣುತ್ತಿತ್ತು. ರಾಜ್ಯದ ಹೆಸರು ಆಗ ಮೈಸೂರು; ‘ಕರ್ನಾಟಕ’ವಾಗಲು ೧೯೭೩ರ ನವೆಂಬರ್ ಒಂದರವರೆಗೆ ಕಾಯಬೇಕಾಯಿತು. ನಾನು ಹೋದಾಗ ಕೋಟೆ ಪ್ರೌಢಶಾಲೆಯ ಮೈದಾನದಲ್ಲಿ ರಾಮೋತ್ಸವದ ಸಂಗೀತ ಕಚೇರಿಗಳು ಇನ್ನೂ ನಡೆಯುತ್ತಿದ್ದವು. ಟಿಕೆಟ್ಟಿಗೆ ಹಣವಿಲ್ಲದ ನಮ್ಮಂಥವರು ಚಪ್ಪರದ ಹೊರಗೆ ರಸ್ತೆಯಂಚಿನಲ್ಲಿ ಕುಳಿತು ಕೇಳುತ್ತಿದ್ದೆವು. ನನ್ನ ಸಂಗೀತಜ್ಞಾನವೆಲ್ಲ ಹೀಗೆ ಬೇಲಿಯಾಚೆಯಿಂದ ಬಂದದ್ದು.

ಅನ್ನದ ವಿಷಯ ಮಾತ್ರ ಹೇಳಲೇಬೇಕು. ಅದು ಬರದ ವರ್ಷ. ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಸೋಮವಾರ ರಾತ್ರಿಯ ಊಟ ಬಿಡಿರೆಂದು ಹಿಂದಿನ ವರ್ಷ ಕರೆ ಕೊಟ್ಟಿದ್ದರು. ಜನವರಿಯಲ್ಲಿ ತಾಷ್ಕೆಂಟಿನಲ್ಲಿ ಅವರು ತೀರಿಕೊಂಡ ಮೇಲೂ ನಮ್ಮ ನಿಲಯದಲ್ಲಿ ಆ ನಿಯಮ ಮುಂದುವರಿದಿತ್ತು. ಅಕ್ಕಿಗೆ ಪಡಿತರ, ಉಳಿದ ಹೊತ್ತು ಅಮೆರಿಕದಿಂದ ಹಡಗಿನಲ್ಲಿ ಬಂದ ಗೋಧಿ. ಮಲೆನಾಡಿನ ನಮಗೆ ಚಪಾತಿ ತಿಂದರೆ ಊಟ ಮಾಡಿದಂತೆಯೇ ಆಗುತ್ತಿರಲಿಲ್ಲ. ಇಂದು ವಾಷಿಂಗ್ಟನ್ನಿಗೆ ಹೊರಟಿರುವ ಹುಡುಗನ ತಾತ ಆ ಕಾಲದಲ್ಲಿ ಅದೇ ಗೋಧಿ ತಿಂದು ಬೆಳೆದವರೆಂಬುದು ನೆನಪಾಗಿ ನಗು ಬಂತು. ಜೂನ್ ಆರರಂದು ರೂಪಾಯಿಯ ಬೆಲೆ ಇಳಿಸಿದ ಸುದ್ದಿ ಬಂದಾಗ ಊಟದ ಮನೆಯಲ್ಲಿ ದೊಡ್ಡ ಚರ್ಚೆ. ಡಾಲರಿಗೆ ನಾಲ್ಕು ರೂಪಾಯಿ ಎಪ್ಪತ್ತಾರು ಪೈಸೆ ಇದ್ದದ್ದು ಏಳೂವರೆ ರೂಪಾಯಿಯಾಯಿತು. ಡಾಲರನ್ನು ಕಣ್ಣಿನಿಂದ ಕಂಡವನು ನಮ್ಮಲ್ಲಿ ಒಬ್ಬನೂ ಇರಲಿಲ್ಲ. ವಾದ ಮಾತ್ರ ರಾತ್ರಿ ಹನ್ನೊಂದರವರೆಗೆ ನಡೆಯಿತು.

ಇನ್ನು ಕೆಲಸ. ಪರಿಷತ್ತು ಸ್ಥಾಪನೆಯಾದದ್ದು ೧೯೧೫ರಲ್ಲಿ. ಅದು ಕೈಗೆತ್ತಿಕೊಂಡ ಕನ್ನಡ ನಿಘಂಟು ಐತಿಹಾಸಿಕ ತತ್ತ್ವದ ನಿಘಂಟು. ಅಂದರೆ, ಒಂದು ಪದದ ಅರ್ಥವನ್ನು ಪಂಡಿತರು ಕುಳಿತು ತೀರ್ಮಾನಿಸುವುದಲ್ಲ. ಶಾಸನಗಳಿಂದ ಹಿಡಿದು ಈಚಿನ ಕೃತಿಗಳವರೆಗೆ ಆ ಪದ ಎಲ್ಲೆಲ್ಲಿ, ಯಾವ ಯಾವ ಅರ್ಥದಲ್ಲಿ ಬಂದಿದೆಯೆಂಬುದನ್ನು ಪ್ರಯೋಗಗಳ ಸಾಕ್ಷಿಯಿಂದ ತೋರಿಸುವುದು. ಇದಕ್ಕೆ ಆಧಾರ ಚೀಟಿಗಳು. ಅಂಗೈಯಗಲದ ಒಂದೊಂದು ಚೀಟಿಯ ಮೇಲೆ ಪದ, ವ್ಯಾಕರಣವರ್ಗ, ಪ್ರಯೋಗವಾಕ್ಯ, ಗ್ರಂಥದ ಸಂಕ್ಷಿಪ್ತ ಹೆಸರು, ಪುಟ, ಸಾಲು. ಬರೆದದ್ದನ್ನು ಅಕಾರಾದಿಯಲ್ಲಿ ಜೋಡಿಸಬೇಕು; ಒಂದು ಪದದ ಚೀಟಿಗಳೆಲ್ಲ ಒಟ್ಟುಗೂಡಿದ ಮೇಲೆ ಸಂಪಾದಕರು ಅರ್ಥಭೇದಗಳನ್ನು ವಿಂಗಡಿಸುತ್ತಾರೆ. ಇಂದು ಗಣಕಯಂತ್ರ ಕಣ್ಣು ಮಿಟುಕಿಸುವಷ್ಟರಲ್ಲಿ ಮಾಡುವ ಜೋಡಣೆಗೆ ಆಗ ಕೈಬೆರಳುಗಳೇ ಯಂತ್ರ.

ನನಗೆ ಕೊಟ್ಟದ್ದು ವಡ್ಡಾರಾಧನೆಯ ಕೆಲವು ಪುಟಗಳು. ಡಿ.ಎಲ್. ನರಸಿಂಹಾಚಾರ್ಯರು ಸಂಪಾದಿಸಿದ ಆ ಹಳೆಯ ಗದ್ಯಕೃತಿಯನ್ನು ನಾನು ಅದುವರೆಗೆ ಪಠ್ಯಭಾಗವಾಗಿ ಮಾತ್ರ ಓದಿದ್ದೆ. ಚೀಟಿಗಾಗಿ ಓದುವುದು ಬೇರೆಯೇ ಓದು. ಕಥೆ ಮರೆಯಾಗಿ ಪದಗಳು ಒಂದೊಂದಾಗಿ ಎದ್ದು ನಿಲ್ಲುತ್ತವೆ. ನನ್ನ ಪಕ್ಕದಲ್ಲಿ ಕುಳಿತು ಕೆಲಸ ತಿದ್ದುತ್ತಿದ್ದ ಹಿರಿಯರು ಮೊದಲ ದಿನವೇ ಒಂದು ಚೀಟಿಯನ್ನು ನನ್ನ ಮುಂದಿಟ್ಟು, “ಇವನು ಬಾಳಿದನೋ, ಕತ್ತಿಯಾದನೋ?” ಎಂದರು. ಹಳಗನ್ನಡದಲ್ಲಿ ‘ಬಾಳ್’ ಎಂದರೆ ಕತ್ತಿ. ‘ಬಾೞ್’ ಎಂದರೆ ಬದುಕು. ನಮ್ಮ ಲಿಪಿಯಿಂದ ೞಕಾರ ಬಿಟ್ಟುಹೋದ ಮೇಲೆ ಕತ್ತಿಯೂ ಬದುಕೂ ಒಂದೇ ಬರಹವಾಗಿಬಿಟ್ಟಿವೆ. ‘ಅಱಿ’ ಎಂದರೆ ತಿಳಿ, ‘ಅರಿ’ ಎಂದರೆ ಕತ್ತರಿಸು, ಅಲ್ಲಿಯೂ ಹಾಗೆಯೇ. ನನ್ನಲ್ಲಿ ಓದಿದವರಿಗೆ ಈ ಉದಾಹರಣೆಗಳು ನೆನಪಿರಬಹುದು. ಮೂವತ್ತು ವರ್ಷ ಅವನ್ನೇ ಹೇಳಿ ನಿಮ್ಮನ್ನು ಕಾಡಿದ್ದೇನೆ. ಅವುಗಳ ಮೂಲ ಆ ಮೇಜು.

ವಾರಕ್ಕೊಮ್ಮೆ ಗೆಳೆಯನಿಗೆ ಕಾರ್ಡು ಬರೆಯುತ್ತಿದ್ದೆ. ಒಂದು ಕಾರ್ಡಿಗೆ ಹತ್ತು ಪದ, ಇರುವೆಸಾಲಿನಂಥ ಅಕ್ಷರ. ‘ಗೆಳೆಯ’ನ ಹಳೆಯ ರೂಪ ‘ಕೆಳೆಯ’ ಎಂಬುದನ್ನು ಬರೆದು ಕಳಿಸಿದಾಗ, ‘ಅದು ನನಗೆ ಗೊತ್ತಿದೆ, ಗೊತ್ತಿಲ್ಲದ್ದನ್ನು ಕಳಿಸು’ ಎಂಬ ಉತ್ತರ ಬಂತು. ಮೂರನೆಯ ವಾರದಿಂದ ಅವನು ತನ್ನ ಕಡೆಯಿಂದಲೂ ಪದಗಳನ್ನು ಕಳಿಸತೊಡಗಿದ. ಮಂಡಿಯ ಪದಗಳು: ರಾಶಿ, ಬೆಟ್ಟೆ, ಗೊರಬಲು, ಸರಕು. ತೋಟದಿಂದ ಬಂದವರ ಬಾಯಿಂದ ಕೇಳಿದವು: ಕೊನೆಗಾರ, ಚೊಗರು, ಮೆಟ್ಟುಗತ್ತಿ. ‘ಸರಕು ಎಂದರೆ ಲೋಕಕ್ಕೆಲ್ಲ ಮಾರಾಟದ ವಸ್ತು. ನಮ್ಮ ಮಂಡಿಯಲ್ಲಿ ಮಾತ್ರ ಅಡಿಕೆಯ ಒಂದು ಮೇಲುತರಗತಿ. ನಿಮ್ಮ ಚೀಟಿಯಲ್ಲಿ ಈ ಅರ್ಥ ಇದೆಯೆ?’ ಎಂದು ಒಮ್ಮೆ ಕೇಳಿದ್ದ. ತಂದೆಯ ಕಸುಬಿನ ಪದಗಳೂ ಬಂದವು: ತಿಗುರಿ, ಆವಿಗೆ.

ನಾನು ಉತ್ಸಾಹದಿಂದ ಆ ಕಾರ್ಡುಗಳಿಂದ ಏಳೆಂಟು ಚೀಟಿ ಬರೆದು ಹಿರಿಯರ ಮುಂದಿಟ್ಟೆ. ಅವರು ಒಂದೊಂದನ್ನೂ ನಿಧಾನವಾಗಿ ನೋಡಿದರು. ‘ಆವಿಗೆ’ಯನ್ನು ಪಕ್ಕಕ್ಕಿಟ್ಟು, “ಇದು ಹಳೆಯ ಕಾವ್ಯಗಳಲ್ಲೇ ಸಿಗುತ್ತದೆ” ಎಂದರು. ಉಳಿದವನ್ನು ಹಿಡಿದು, “ಗ್ರಂಥ ಯಾವುದು?” ಎಂದು ಕೇಳಿದರು. ಗ್ರಂಥವಿಲ್ಲ, ಗೆಳೆಯನ ಕಾಗದ ಎಂದೆ. ಅವರು ನಗಲಿಲ್ಲ. “ಕಿಟೆಲ್ ಸಾಹೇಬ ಜನರ ಬಾಯಿಂದಲೂ ಬರೆದುಕೊಂಡ. ನಾವು ಪ್ರಯೋಗದ ಸಾಕ್ಷಿ ಬೇಕೆಂದು ಹೊರಟವರು; ಬರೆದಿಟ್ಟದ್ದು ಸಾಕ್ಷಿ, ಆಡಿದ್ದು ಸಾಕ್ಷಿಯಲ್ಲ. ಇದು ಸರಿಯೇ ಎಂದು ಕೇಳಿದರೆ ಒಂದು ಜನ್ಮದ ಕೆಲಸಕ್ಕೆ ಎಲ್ಲೋ ಒಂದು ಕಡೆ ಬೇಲಿ ಹಾಕಲೇಬೇಕು, ಮಗೂ” ಎಂದರು. ಆ ಮೇಲೆ, “ನಿನ್ನ ಗೆಳೆಯನನ್ನು ಇಲ್ಲಿಗೆ ಏಕೆ ಕರೆತರಲಿಲ್ಲ?” ಎಂದು ಕೇಳಿದರು. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, ಚೀಟಿಗಳನ್ನು ನನಗೇ ಹಿಂದಿರುಗಿಸಿ, “ಎಸೆಯಬೇಡ, ಇಟ್ಟುಕೊಂಡಿರು” ಎಂದಷ್ಟೇ ಹೇಳಿ ತಮ್ಮ ಕೆಲಸಕ್ಕೆ ಬಾಗಿದರು. ಎಂಟು ವಾರದಲ್ಲಿ ಅವರು ಕೆಲಸ ನಿಲ್ಲಿಸಿ ಸುಮ್ಮನೆ ಕುಳಿತದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಕಿಟೆಲರ ಕೋಶ ಮಂಗಳೂರಿನಲ್ಲಿ ಅಚ್ಚಾದದ್ದು ೧೮೯೪ರಲ್ಲಿ. ಪರಿಷತ್ತಿನ ನಿಘಂಟಿನ ಮೊದಲ ಸಂಪುಟ ಹೊರಬಂದದ್ದು ನಾನು ಅಲ್ಲಿಂದ ಮರಳಿದ ನಾಲ್ಕು ವರ್ಷದ ಮೇಲೆ, ೧೯೭೦ರಲ್ಲಿ. ಎಂಟನೆಯದೂ ಕೊನೆಯದೂ ಆದ ಸಂಪುಟ ೧೯೯೫ರಲ್ಲಿ. ಅದಕ್ಕಾಗಿ ದೀರ್ಘಕಾಲ ದುಡಿದ ಪ್ರೊ. ಜಿ. ವೆಂಕಟಸುಬ್ಬಯ್ಯನವರು ನೂರೇಳು ವರ್ಷ ಬಾಳಿ ೨೦೨೧ರಲ್ಲಿ ತೀರಿಕೊಂಡರು. ಆ ಮಹಾರಾಶಿಯಲ್ಲಿ ನನ್ನ ಕೈಬರಹದ ಚೀಟಿಗಳು ಸಮುದ್ರದಲ್ಲಿ ಒಂದು ಬೊಗಸೆಯೂ ಅಲ್ಲ. ಆದರೂ ಶಾಲೆಯ ಗ್ರಂಥಾಲಯಕ್ಕೆ ಸಂಪುಟಗಳನ್ನು ತರಿಸಿದಾಗ, ವಡ್ಡಾರಾಧನೆಯ ಪ್ರಯೋಗ ಕಂಡಲ್ಲೆಲ್ಲ ಒಂದು ಕ್ಷಣ ನಿಂತು ನೋಡುತ್ತಿದ್ದೆನೆಂಬುದನ್ನು ಮುಚ್ಚಿಡುವುದೇಕೆ?

ಗೆಳೆಯನ ಕಥೆ ಬೇರೆ ದಾರಿ ಹಿಡಿಯಿತು. ತಂದೆಯ ಕಾಯಿಲೆಯಿಂದಾಗಿ ಕೊನೆಯ ವರ್ಷದ ಓದು ನಿಂತಿತು. ಮಂಡಿಯ ಲೆಕ್ಕ ಬರೆಯುವ ಕೆಲಸವೇ ಕಾಯಂ ಆಯಿತು. ಹಿಂದುಳಿದ ವರ್ಗಗಳ ಕುರಿತು ಹಾವನೂರು ಆಯೋಗದ ವರದಿ ಬಂದದ್ದು ೧೯೭೫ರಲ್ಲಿ. ಅಂಥ ಮಕ್ಕಳಿಗಾಗಿ ಸರ್ಕಾರದ ವಿದ್ಯಾರ್ಥಿನಿಲಯಗಳು ಹೆಚ್ಚಾಗಿ ತೆರೆದದ್ದು ದೇವರಾಜ ಅರಸರ ಕಾಲದಲ್ಲಿ. ಅವನ ಪಾಲಿಗೆ ಅವು ಹತ್ತು ವರ್ಷ ತಡವಾಗಿ ಬಂದವು. ಅವನ ಮಗಳು ಅಂಥ ನಿಲಯದಲ್ಲಿದ್ದು ಓದಿದಳು. ನನ್ನ ವಿದ್ಯಾರ್ಥಿನಿಯೂ ಆದಳು. ಅವನು ಒಮ್ಮೆಯೂ ಕಹಿಯಾಗಿ ಮಾತನಾಡಿದವನಲ್ಲ. ನಮ್ಮ ನಿಲಯದ ಸುವರ್ಣಮಹೋತ್ಸವಕ್ಕೆ ನನ್ನ ಜೊತೆ ಬಂದು, ಹಿಂದಿನ ಸಾಲಿನಲ್ಲಿ ಕುಳಿತು, ಹಿರಿಯರ ಭಾಷಣಗಳಲ್ಲಿ ತಪ್ಪು ಉಚ್ಚಾರಣೆಗಳನ್ನು ಎಣಿಸಿ ನನ್ನ ಕಿವಿಯಲ್ಲಿ ಹೇಳಿದ್ದ. ಆ ನಿಲಯದ ಅನ್ನ ತಿಂದು ನಾನು ಮನುಷ್ಯನಾದೆ. ಅದರ ಬಗ್ಗೆ ಹಗುರವಾಗಿ ಒಂದು ಮಾತೂ ನನ್ನಿಂದ ಬಾರದು. ಆದರೆ ಆ ದಿನ ವೇದಿಕೆಯ ಮೇಲೆ ಭ್ರಾತೃತ್ವದ ಮಾತು ಬಂದಾಗಲೆಲ್ಲ ನನ್ನ ಪಕ್ಕದಲ್ಲಿ ಕುಳಿತವನ ಮುಖ ನೋಡಲು ನನಗೆ ಕಷ್ಟವಾಗುತ್ತಿತ್ತು. ವಾಷಿಂಗ್ಟನ್ನಿಗೆ ಹೋಗುವ ಹುಡುಗನಿಗೆ ನನ್ನ ಆಶೀರ್ವಾದವಿದೆ. ಅವನ ತರಗತಿಯಲ್ಲಿ ಯಾವ ಗ್ರೀಕ್ ಅಕ್ಷರಕ್ಕೂ ಸೇರದ ಒಬ್ಬ ಜಾಣನಿದ್ದರೆ ಅವನ ಹೆಸರನ್ನೂ ನನಗೆ ಬರೆದು ತಿಳಿಸಲು ಹೇಳಿದ್ದೇನೆ. ತಂದೆ ‘ಆಗಲಿ ಸಾರ್’ ಎಂದಿದ್ದಾರೆ, ಏಕೆಂದು ಕೇಳಲಿಲ್ಲ.

ಗೆಳೆಯ ತೀರಿಕೊಂಡ ಮೇಲೆ ಅವನ ಮಗಳು ನಾನು ಬರೆದಿದ್ದ ಕಾರ್ಡುಗಳನ್ನು ಗೋಣಿದಾರದಲ್ಲಿ ಕಟ್ಟಿ ತಂದುಕೊಟ್ಟಳು. ಅವನು ಬರೆದವು ನನ್ನಲ್ಲಿದ್ದವು. ಈಗ ಎರಡು ಕಟ್ಟುಗಳನ್ನೂ ದಿನಾಂಕದ ಪ್ರಕಾರ ಒಂದು ಮಾಡಿ, ಅವನ ಪದಗಳನ್ನು ಗಣಕಯಂತ್ರದಲ್ಲಿ ಬೆರಳಚ್ಚು ಮಾಡುತ್ತಿದ್ದೇನೆ. ಒಟ್ಟು ನೂರ ಹನ್ನೆರಡು. ಗ್ರಂಥಗಳ ಹೊರಗಿನ ಕಸುಬಿನ ಪದಗಳನ್ನು ವೃತ್ತಿಪದಕೋಶಗಳೆಂದು ಸಂಗ್ರಹಿಸುವ ಕೆಲಸ ಮುಂದಿನ ದಶಕಗಳಲ್ಲಿ ನಡೆದಿದೆಯಾದ್ದರಿಂದ ಅವುಗಳಲ್ಲಿ ಕೆಲವು ಎಲ್ಲಿಯೋ ಸೇರಿರಲೂಬಹುದು; ಹೋಲಿಸಿ ನೋಡಬೇಕು.

ಒಂದು ಪದ ಮಾತ್ರ ಓದಲಾಗುತ್ತಿಲ್ಲ. ಜೂನ್ ತಿಂಗಳ ಕಾರ್ಡು. ಮಳೆಯ ಹನಿ ಬಿದ್ದು ಶಾಯಿ ಕದಡಿದೆ. ಮೊದಲ ಅಕ್ಷರ ‘ಪ’ ಇರಬಹುದು, ‘ಹ’ ಇರಬಹುದು. ಕೊನೆಯದು ‘ಲು’ ಎಂಬುದು ಸ್ಪಷ್ಟ. ಅರ್ಥವನ್ನು ಪಕ್ಕದಲ್ಲಿ ಹೀಗೆ ಬರೆದಿದ್ದಾನೆ: ‘ಮೂಟೆ ಸುರಿದ ಮೇಲೆ ಗೋಣಿಯ ಮೂಲೆಯಲ್ಲಿ ಸಿಕ್ಕಿಕೊಂಡು ಉಳಿಯುವ ಅಡಿಕೆ. ಅದು ಹಮಾಲಿಯವನ ಪಾಲು.’ ಅರುವತ್ತರ ದಶಕದಲ್ಲಿ ಶಿವಮೊಗ್ಗ, ಸಾಗರ, ತೀರ್ಥಹಳ್ಳಿಗಳ ಮಂಡಿಗಳಲ್ಲಿ ಕೆಲಸ ಮಾಡಿದವರು ನಿಮ್ಮ ಮನೆಯ ಹಿರಿಯರಲ್ಲಿ ಯಾರಾದರೂ ಇದ್ದರೆ ದಯವಿಟ್ಟು ಕೇಳಿ ತಿಳಿಸಿ.